ಹುಳುಕಡ್ಡಿಗೆ ಸ್ಟೀರಾಯ್ಡ್ ಮುಲಾಮು: ಆರೋಗ್ಯ ಸಚಿವರಿಗೂ ಔಷಧ ನಿಯಂತ್ರಕರಿಗೂ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ಹಾಗೂ ರಾಜ್ಯದ ಔಷಧ ನಿಯಂತ್ರಕರಿಗೆ ಸವಿನಯ ನಮಸ್ಕಾರಗಳು.

ನಾನು ಉತ್ತರ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿ ಚರ್ಮರೋಗ ವೈದ್ಯನಾಗಿ ಕೆಲಸ ಮಾಡುತ್ತಿದ್ದೇನೆ. ಹುಳುಕಡ್ಡಿ, ಗಜಕರ್ಣ, ತದ್ದು ಎಂದು ನಮ್ಮ ಜನ ಕರೆಯುವ ಚರ್ಮದ ಫಂಗಸ್ ಸೋಂಕು ಇವತ್ತು ಆಸ್ಪತ್ರೆಗೆ ಬರುವ ಹೊತ್ತಿಗೆ, ನೋಡಿದ ಕೂಡಲೇ ಗುರುತು ಹಿಡಿಯಲಾಗದಷ್ಟು ರೂಪ ಬದಲಿಸಿಕೊಂಡಿರುತ್ತದೆ. ಇದಕ್ಕೆ ಮುಖ್ಯ ಕಾರಣ, ವೈದ್ಯರ ಚೀಟಿಯೇ ಇಲ್ಲದೆ ಮೆಡಿಕಲ್ ಶಾಪ್‌ಗಳಲ್ಲಿ ಕೈಗೆ ಸಿಗುವ ಸ್ಟೀರಾಯ್ಡ್ ಬೆರೆತ ಮುಲಾಮುಗಳು. ಈ ಮಾರಾಟವನ್ನು ಅಂಗಡಿಯ ಕೌಂಟರಿನಲ್ಲೇ ತಡೆಯಿರಿ ಎಂದು ಕೇಳಿಕೊಳ್ಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮಿಬ್ಬರನ್ನು ಉದ್ದೇಶಿಸಿದ್ದರೂ ಇದನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಈ ಮುಲಾಮಿನ ಟ್ಯೂಬು ಈಗಾಗಲೇ ಲಕ್ಷಾಂತರ ಮನೆಗಳ ಕನ್ನಡಿಯ ಹಿಂದೆ, ಗೂಡಿನಲ್ಲಿ, ಸ್ನಾನದ ಮನೆಯ ಕಿಟಕಿಯಲ್ಲಿ ಇದೆ. ಅದನ್ನು ಬಳಸುತ್ತಿರುವವರೂ ಈ ಮಾತುಗಳನ್ನು ಓದಬೇಕು.

ಸಮಸ್ಯೆಯ ಬೇರು ಎಲ್ಲಿದೆ ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ಅದು ತಿಳಿದರೆ ಮಾತ್ರ ನನ್ನ ಬೇಡಿಕೆಯ ತುರ್ತು ಅರ್ಥವಾಗುತ್ತದೆ. ಹುಳುಕಡ್ಡಿಯ ಫಂಗಸ್ ಬದುಕುವುದು ನಮ್ಮ ಚರ್ಮದ ಅತ್ಯಂತ ಮೇಲಿನ ಸತ್ತ ಪದರದಲ್ಲಿರುವ ಕೆರಾಟಿನ್ ಎಂಬ ಪ್ರೋಟೀನನ್ನು ತಿಂದು. ಅಂಚು ಕೆಂಪಾಗಿ ಉಬ್ಬಿ, ಹೊಟ್ಟು ಎದ್ದು, ನಡುಭಾಗ ತಿಳಿಯಾಗುತ್ತ ಉಂಗುರದಾಕಾರದಲ್ಲಿ ಹರಡುವುದು ಅದರ ಸಹಜ ಚಹರೆ. ಆ ಕೆಂಪು, ಆ ಉಬ್ಬು, ರಾತ್ರಿ ನಿದ್ದೆಗೆಡಿಸುವ ಆ ತುರಿಕೆ ಬಹುಮಟ್ಟಿಗೆ ಫಂಗಸ್ಸನ್ನು ಹೊರಹಾಕಲು ನಮ್ಮ ದೇಹವೇ ನಡೆಸುವ ಪ್ರತಿರೋಧದ ಗುರುತುಗಳು. ಸ್ಟೀರಾಯ್ಡ್ ಮಾಡುವ ಕೆಲಸವೆಂದರೆ ಈ ಪ್ರತಿರೋಧವನ್ನು ಅಡಗಿಸುವುದು. ಮುಲಾಮು ಹಚ್ಚಿದ ಎರಡು ಮೂರು ದಿನಗಳಲ್ಲಿ ರಕ್ತನಾಳಗಳು ಸಂಕುಚಿಸಿ ಕೆಂಪು ಇಳಿಯುತ್ತದೆ, ಉರಿಯೂತ ತಗ್ಗಿ ತುರಿಕೆ ನಿಲ್ಲುತ್ತದೆ, ರೋಗಿಗೆ ಗುಣವಾಯಿತೆಂದೇ ಅನ್ನಿಸುತ್ತದೆ. ಕಳ್ಳ ಮನೆ ಹೊಕ್ಕಾಗ ಬೊಗಳುವ ನಾಯಿಯ ಬಾಯಿ ಕಟ್ಟಿ, ಮನೆ ಸುರಕ್ಷಿತವಾಗಿದೆ ಎಂದು ಮಲಗಿದಂತೆ ಇದು. ತಡೆಯುವವರಿಲ್ಲದ ಫಂಗಸ್ ಆ ಹೊತ್ತಿನಲ್ಲಿ ಹಿಂದೆಂದಿಗಿಂತ ಸಲೀಸಾಗಿ ಬೆಳೆಯುತ್ತದೆ. ಮುಲಾಮು ಬಿಟ್ಟ ಕೆಲವೇ ದಿನಗಳಲ್ಲಿ ಮೊದಲಿಗಿಂತ ದೊಡ್ಡದಾಗಿ, ಮೊದಲಿಗಿಂತ ಹೆಚ್ಚು ತುರಿಕೆಯೊಂದಿಗೆ ಮರಳುತ್ತದೆ. ಆಗ ರೋಗಿ ಮತ್ತೆ ಅದೇ ಟ್ಯೂಬು ಕೊಳ್ಳುತ್ತಾನೆ, ಏಕೆಂದರೆ ಅವನ ಅನುಭವದಲ್ಲಿ ತುರಿಕೆ ನಿಲ್ಲಿಸಿದ್ದು ಅದೊಂದೇ.

ಇದು ಹೊಸ ಅರಿವೇನಲ್ಲ. ಸ್ಟೀರಾಯ್ಡ್ ಹಚ್ಚಿದ್ದರಿಂದ ಚಹರೆ ಮರೆಸಿಕೊಂಡ ಹುಳುಕಡ್ಡಿಯನ್ನು ಬ್ರಿಟನ್ನಿನ ಐವ್ ಮತ್ತು ಮಾರ್ಕ್ಸ್ ಎಂಬ ವೈದ್ಯರು 1968ರಲ್ಲೇ ‘ಟಿನಿಯಾ ಇನ್‌ಕಾಗ್ನಿಟೊ’ ಎಂಬ ಹೆಸರಿನಲ್ಲಿ ವೈದ್ಯಲೋಕದ ಗಮನಕ್ಕೆ ತಂದಿದ್ದರು. ಅಲ್ಲಿ ಅಪರೂಪದ ಪ್ರಕರಣವೆಂದು ದಾಖಲಾದದ್ದು ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ನಮ್ಮ ದೇಶದ ಚರ್ಮರೋಗ ವಿಭಾಗಗಳ ನಿತ್ಯದ ದೃಶ್ಯವಾಗಿದೆ.

ರೋಗಿಗಳಿಗೆ ‘ಇಲ್ಲಿಯ ತನಕ ಹಚ್ಚಿದ್ದನ್ನೆಲ್ಲ ತನ್ನಿ’ ಎಂದು ಹೇಳುವುದು ನಮ್ಮಲ್ಲಿ ರೂಢಿ. ಕಬ್ಬು ಕಡಿಯುವ ಕೆಲಸಕ್ಕೆ ಹೋಗುವ ಒಬ್ಬ ತಾಯಿ ಈಚೆಗೆ ಪ್ಲಾಸ್ಟಿಕ್ ಚೀಲವೊಂದನ್ನು ನನ್ನ ಮೇಜಿನ ಮೇಲೆ ಬರಿದು ಮಾಡಿದರು. ಬುಡದಿಂದ ಸುರುಳಿ ಸುತ್ತಿ ಕೊನೆಯ ಚೂರಿನವರೆಗೂ ಹಿಂಡಿದ ಟ್ಯೂಬುಗಳು. ಹೆಚ್ಚಿನವುಗಳ ಮೇಲೆ ಕ್ಲೊಬೆಟಾಸೋಲ್ ಎಂಬ ಅತಿ ತೀವ್ರ ಸ್ಟೀರಾಯ್ಡಿನ ಹೆಸರು, ಅದರ ಜೊತೆಗೆ ಒಂದು ಫಂಗಸ್ ಔಷಧ, ಒಂದೋ ಎರಡೋ ಬ್ಯಾಕ್ಟೀರಿಯಾ ನಾಶಕ. ಮಡಿಕೆ ಬಿಡಿಸಿ ನೋಡಿದರೆ ಕೆಂಪು ಗೆರೆ, ಅದರ ಪಕ್ಕದಲ್ಲಿ ನೋಂದಾಯಿತ ವೈದ್ಯರ ಚೀಟಿಯ ಮೇಲೆ ಮಾತ್ರ ಮಾರಬೇಕೆಂಬ ಎಚ್ಚರಿಕೆ, ಇಂಗ್ಲಿಷಿನಲ್ಲಿ, ಸಾಸಿವೆ ಗಾತ್ರದ ಅಕ್ಷರಗಳಲ್ಲಿ. ಆ ತಾಯಿಗೆ ಕನ್ನಡ ಓದಲು ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ‘ಅಂಗಡಿಯವ್ರು ಕೊಟ್ಟಾರ್ರೀ, ಹಚ್ಚಿದ್ರ ಎರಡ ದಿನದಾಗ ತುರಿಕಿ ನಿಲ್ತೈತ್ರಿ, ಬಿಟ್ರ ಮತ್ತ ಬರ್ತೈತಿ’ ಎಂದರು. ಈ ರೋಗದ ಇತಿಹಾಸವನ್ನು ಇದಕ್ಕಿಂತ ಸರಿಯಾಗಿ ಯಾವ ಪಠ್ಯಪುಸ್ತಕವೂ ಹೇಳಲಾರದು.

ಲಂಗದ ಲಾಡಿ ಕಟ್ಟುವ ಜಾಗದಲ್ಲಿ, ಸೊಂಟದ ಸುತ್ತ ಅವರಿಗೆ ಅಂಗೈಯಗಲದ ಕಲೆಗಳಿದ್ದವು. ಕೆಂಪು ಎಲ್ಲಿಯೂ ಎದ್ದು ಕಾಣುತ್ತಿರಲಿಲ್ಲ. ಹೊಟ್ಟು ಇರಲಿಲ್ಲ. ಒಂದು ಅಂಚು ಮಸುಕಾಗಿ ಕರಗಿಹೋಗಿ, ಇನ್ನೊಂದು ಅಂಚು ಮಾತ್ರ ತುಸು ಉಬ್ಬಿ, ಉಂಗುರದೊಳಗೆ ಇನ್ನೊಂದು ಉಂಗುರ ಮೂಡಿತ್ತು. ಸ್ಟೀರಾಯ್ಡನ್ನು ಬಿಟ್ಟು ಬಿಟ್ಟು ಹಚ್ಚಿದವರ ಚರ್ಮದ ಮೇಲೆ ನಾವು ಮತ್ತೆ ಮತ್ತೆ ಕಾಣುವ ಗುರುತು ಇದು. ತೊಡೆಯ ಸಂದಿನಲ್ಲಿ ಚರ್ಮ ಕಾಗದದಷ್ಟು ತೆಳ್ಳಗಾಗಿ, ನೇರಳೆ ಬಣ್ಣದ ಅಗಲವಾದ ಗೆರೆಗಳು ಬಿದ್ದಿದ್ದವು. ಮೊಂಡ ಬ್ಲೇಡಿನಿಂದ ಸೊಂಟದ ಕಲೆಯ ಅಂಚನ್ನು ಕೆರೆದು, ಗಾಜಿನ ಸ್ಲೈಡಿನ ಮೇಲಿಟ್ಟು, 10 ಪ್ರತಿಶತ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸ್ಲೈಡಿನ ತುಂಬ ಕವಲೊಡೆದ ಫಂಗಸ್ ಎಳೆಗಳೇ ಇದ್ದವು. ಮೇಲೆ ಶಾಂತವಾಗಿ ಕಾಣುವ ಇಂಥ ಚರ್ಮದಲ್ಲೇ ಫಂಗಸ್ ಹೇರಳವಾಗಿ ಸಿಗುತ್ತದೆ. ಅದೇ ಟ್ಯೂಬನ್ನು ಅವರ ಯಜಮಾನರು ತೊಡೆಸಂದಿಗೂ, ಶಾಲೆಗೆ ಹೋಗುವ ಮಗಳು ಕೆನ್ನೆಗೂ ಹಚ್ಚಿಕೊಳ್ಳುತ್ತಿದ್ದರು. ಮನೆಯಲ್ಲಿ ಎಲ್ಲರಿಗೂ ಸೇರಿ ಟವೆಲ್ ಒಂದೇ.

ತೊಡೆಸಂದಿನ ವಿಷಯ ಹೇಳಲು ಎಲ್ಲರಿಗೂ ಸಂಕೋಚ, ಆದರೆ ಹೇಳಲೇಬೇಕು. ಚರ್ಮ ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ಔಷಧ ಹೀರುವುದಿಲ್ಲ. ಹೈಡ್ರೊಕಾರ್ಟಿಸೋನ್ ಎಂಬ ಸೌಮ್ಯ ಸ್ಟೀರಾಯ್ಡನ್ನು ಮುಂಗೈಯ ಚರ್ಮಕ್ಕಿಂತ ವೃಷಣದ ಚರ್ಮ ಸುಮಾರು 40 ಪಟ್ಟು ಹೆಚ್ಚು ಹೀರುತ್ತದೆಂದು 1960ರ ದಶಕದಲ್ಲೇ ಅಳೆದು ತೋರಿಸಲಾಗಿದೆ. ಕ್ಲೊಬೆಟಾಸೋಲ್ ಅದಕ್ಕಿಂತ ನೂರಾರು ಪಟ್ಟು ತೀವ್ರವಾದದ್ದು. ವೈದ್ಯರ ನಿಗಾದಲ್ಲಿಯೂ ಅದನ್ನು ಒಂದೇ ಸಮನೆ ಎರಡು ವಾರಕ್ಕಿಂತ ಹೆಚ್ಚು ಬಳಸಬಾರದು, ವಾರಕ್ಕೆ 50 ಗ್ರಾಂ ಮೀರಬಾರದು ಎಂಬ ಮಿತಿಯಿದೆ. ನಮ್ಮ ರೋಗಿಗಳು ಇದನ್ನು ಒದ್ದೆಯಾಗಿಯೇ ಇರುವ, ಬಟ್ಟೆಯಿಂದ ಮುಚ್ಚಿದ ಸಂದುಗಳಿಗೆ ತಿಂಗಳುಗಟ್ಟಲೆ ಹಚ್ಚುತ್ತಾರೆ. ಒಮ್ಮೆ ಬಿದ್ದ ಆ ನೇರಳೆ ಗೆರೆಗಳು ಬಣ್ಣ ಮಾಸಿದರೂ ಪೂರ್ತಿ ಹೋಗುವುದಿಲ್ಲ. ಎಳೆಗೂಸಿನ ಲಂಗೋಟಿಯ ಜಾಗದಲ್ಲಿ ಎದ್ದ ದದ್ದಿಗೆ ಈ ಮುಲಾಮನ್ನು ಬಳಿದರೆ ಅಪಾಯ ಇನ್ನೂ ದೊಡ್ಡದು. ಔಷಧ ರಕ್ತಕ್ಕೆ ಸೇರಿ, ಮುಖ ಊದಿ ಗುಂಡಗಾಗಿ, ಮಗುವಿನ ಬೆಳವಣಿಗೆಯೇ ಕುಂಠಿತವಾಗಬಹುದು. ಮುಖ ಬೆಳ್ಳಗಾಗಲೆಂದು ಸ್ಟೀರಾಯ್ಡ್ ಹಚ್ಚಿಕೊಳ್ಳುವವರ ಸಂಕಟ ಇಷ್ಟೇ ದೊಡ್ಡದಾದರೂ ಅದು ಬೇರೆಯೇ ಪತ್ರಕ್ಕೆ ತಕ್ಕ ವಿಷಯ.

ಒಂದು ಮಾತನ್ನು ಇಲ್ಲಿಯೇ ಸ್ಪಷ್ಟಪಡಿಸುತ್ತೇನೆ. ಸ್ಟೀರಾಯ್ಡ್ ಮುಲಾಮು ವಿಷವಲ್ಲ. ಇಸುಬು, ಸೋರಿಯಾಸಿಸ್, ಅಲರ್ಜಿಯ ಚರ್ಮರೋಗಗಳಿಗೆ ಅದು ಅಮೂಲ್ಯವಾದ ಔಷಧ, ನಾನೂ ಬರೆದುಕೊಡುತ್ತೇನೆ. ಅಂಥ ಕಾಯಿಲೆಗೆ ವೈದ್ಯರ ಸಲಹೆಯಂತೆ ಬಳಸುತ್ತಿರುವವರು ಈ ಪತ್ರ ಓದಿ ಗಾಬರಿಯಿಂದ ನಿಲ್ಲಿಸಬಾರದು. ನನ್ನ ತಕರಾರು ಇರುವುದು ಫಂಗಸ್ ಸೋಂಕಿಗೆ ಅದನ್ನು ಹಚ್ಚುವುದರ ಬಗ್ಗೆ, ಮತ್ತು ಯಾವ ಕಾಯಿಲೆ ಎಂದು ಯಾರೂ ನೋಡದೆ ಅದನ್ನು ಮಾರುವುದರ ಬಗ್ಗೆ.

ಈ ಸೋಂಕು ಈಗ ಒಂದು ಮನೆಯ, ಒಂದು ಊರಿನ ತೊಂದರೆಯಾಗಿ ಉಳಿದಿಲ್ಲ. ಭಾರತದಲ್ಲಿ ಹರಡಿರುವ ಫಂಗಸ್ ತಳಿಯನ್ನು 2020ರಲ್ಲಿ ಪ್ರತ್ಯೇಕ ಪ್ರಭೇದವೆಂದು ಗುರುತಿಸಿ ‘ಟ್ರೈಕೊಫೈಟಾನ್ ಇಂಡೊಟಿನಿಯೆ’ ಎಂದು ಹೆಸರಿಡಲಾಯಿತು. ಹುಳುಕಡ್ಡಿಗೆ ದಶಕಗಳಿಂದ ನಂಬಿಕೊಂಡು ಬಂದ ಟರ್ಬಿನಾಫಿನ್ ಮಾತ್ರೆ ಇದರ ಹಲವು ತಳಿಗಳಿಗೆ ನಾಟುವುದಿಲ್ಲ, ಏಕೆಂದರೆ ಆ ಮಾತ್ರೆ ಗುರಿಯಿಡುವ ಕಿಣ್ವದ ಜೀನ್‌ನಲ್ಲೇ ಬದಲಾವಣೆಯಾಗಿದೆ. 2023ರ ಮೇ ತಿಂಗಳಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯು ನ್ಯೂಯಾರ್ಕಿನ ಇಬ್ಬರಲ್ಲಿ ಇದು ಕಂಡುಬಂದದ್ದನ್ನು ವರದಿ ಮಾಡಿತು. ಅವರಲ್ಲಿ ಒಬ್ಬರು ಇತ್ತೀಚೆಗೆ ವಿದೇಶ ಪ್ರಯಾಣವನ್ನೇ ಮಾಡಿರಲಿಲ್ಲ. ಈ ತಳಿ ಇಷ್ಟು ಬಲಿಯಲು ಸ್ಟೀರಾಯ್ಡ್ ಒಂದೇ ಕಾರಣವೆಂದು ನಾನು ಹೇಳಲಾರೆ. ಬಿಸಿಲು ಬೆವರು, ಬಿಗಿಯಾದ ಬಟ್ಟೆ, ಅರ್ಧಕ್ಕೆ ನಿಲ್ಲಿಸಿದ ಚಿಕಿತ್ಸೆ ಎಲ್ಲವೂ ಸೇರಿವೆ. ಆದರೆ ದೇಹದ ಪ್ರತಿರೋಧವನ್ನು ಅಡಗಿಸಿ, ಜೊತೆಗೆ ಕೆಲವೇ ದಿನ ಅರೆಬರೆಯಾಗಿ ಫಂಗಸ್ ಔಷಧವನ್ನೂ ತಾಗಿಸುವ ಒಂದು ಮಿಶ್ರಣ ಇದಕ್ಕೆ ಹದವಾದ ನೆಲ ಒದಗಿಸುತ್ತದೆ ಎಂಬುದರಲ್ಲಿ ಈ ಕ್ಷೇತ್ರದಲ್ಲಿ ಕೆಲಸ ಮಾಡುವವರಿಗೆ ಅನುಮಾನವಿಲ್ಲ. ಹಿಂದೆ ಎರಡು ವಾರಗಳಲ್ಲಿ ಮುಗಿಯುತ್ತಿದ್ದ ಚಿಕಿತ್ಸೆ ಈಗ ಆರು, ಎಂಟು ವಾರ ಹಿಡಿಯುತ್ತದೆ, ಕೆಲವರಿಗೆ ಇನ್ನೂ ಹೆಚ್ಚು. ಮನೆಮಂದಿಯೆಲ್ಲ ಒಟ್ಟಿಗೆ ಮಾತ್ರೆ ತೆಗೆದುಕೊಳ್ಳಬೇಕಾದಾಗ ಆ ಖರ್ಚು ಒಂದು ಕೂಲಿ ಕುಟುಂಬಕ್ಕೆ ಏನು ಎಂಬುದನ್ನು ಯೋಚಿಸಿ.

ಕಾನೂನು ಏನು ಹೇಳುತ್ತದೆ? ಚರ್ಮಕ್ಕೆ ಹಚ್ಚುವ ಔಷಧಗಳಿಗೆ, ಚೀಟಿಯ ಮೇಲೆ ಮಾತ್ರ ಮಾರಬೇಕಾದ ಔಷಧಗಳ ಪಟ್ಟಿಯಾದ ಶೆಡ್ಯೂಲ್ ಎಚ್‌ನಿಂದ ಮೊದಲು ವಿನಾಯಿತಿ ಇತ್ತು, ಆ ಸಂದಿನಲ್ಲೇ ಸ್ಟೀರಾಯ್ಡ್ ಮುಲಾಮುಗಳು ಬಹುಕಾಲ ನುಸುಳಿಕೊಂಡಿದ್ದವು. ಚರ್ಮವೈದ್ಯರ ರಾಷ್ಟ್ರೀಯ ಸಂಘದ ಸತತ ಒತ್ತಾಯದ ನಂತರ, 2018ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಇನ್ನೂ 14 ಸ್ಟೀರಾಯ್ಡ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಕ್ಲೊಬೆಟಾಸೋಲ್ ಕೂಡ ಶೆಡ್ಯೂಲ್ ಎಚ್ ಪಟ್ಟಿಯ ಔಷಧವೇ. 2016ರ ಮಾರ್ಚ್‌ನಲ್ಲಿ 344 ಮಿಶ್ರಣ ಔಷಧಗಳನ್ನು ನಿಷೇಧಿಸಿದಾಗ ಅದು ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಸುಪ್ರೀಂ ಕೋರ್ಟಿನ ಸೂಚನೆಯಂತೆ ಮರುಪರಿಶೀಲನೆ ನಡೆದು, 2018ರ ಸೆಪ್ಟೆಂಬರ್‌ನಲ್ಲಿ 328 ಮಿಶ್ರಣಗಳ ನಿಷೇಧ ಜಾರಿಗೆ ಬಂತು. ಅವುಗಳಲ್ಲಿ ಚರ್ಮದ ಮುಲಾಮುಗಳೂ ಇದ್ದವು. ಆದರೆ ಒಂದು ಮಿಶ್ರಣ ಹೋದ ಕಡೆ, ಒಂದು ಘಟಕ ಬದಲಿಸಿದ ಇನ್ನೊಂದು ಮಿಶ್ರಣ ಅದೇ ಬಗೆಯ ಡಬ್ಬಿಯಲ್ಲಿ ಕಪಾಟಿಗೆ ಬಂದು ಕುಳಿತಿತು. ಹೀಗಾಗಿ ನಿಷೇಧದ ಪಟ್ಟಿಯನ್ನು ಎಷ್ಟು ಉದ್ದ ಮಾಡಿದರೂ ಸಾಲದು. ಮಾರಾಟದ ಜಾಗದಲ್ಲೇ ನಿಗಾ ಇಡಬೇಕು. ಆ ಅಧಿಕಾರ ದೆಹಲಿಯಲ್ಲಿಲ್ಲ, ನಿಮ್ಮ ಕೈಯಲ್ಲಿದೆ.

1945ರ ಔಷಧ ನಿಯಮಗಳ 65ನೇ ನಿಯಮ ಈಗಾಗಲೇ ಬೇಕಾದದ್ದನ್ನೆಲ್ಲ ಹೇಳಿದೆ. ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟರ ಮೇಲ್ವಿಚಾರಣೆಯಲ್ಲೇ ಕೊಡಬೇಕು, ಬರೆದುಕೊಟ್ಟ ವೈದ್ಯರ ಹೆಸರು ಮಾರಾಟದ ದಾಖಲೆಯಲ್ಲಿರಬೇಕು, ವೈದ್ಯರು ನಮೂದಿಸದ ಹೊರತು ಒಂದೇ ಚೀಟಿಗೆ ಮತ್ತೆ ಮತ್ತೆ ಔಷಧ ಕೊಡಬಾರದು. ವಾಸ್ತವ ಬೇರೆ ಇದೆ. ಫಾರ್ಮಸಿಸ್ಟರ ಪ್ರಮಾಣಪತ್ರ ಗೋಡೆಯ ಮೇಲೆ ಚೌಕಟ್ಟಿನಲ್ಲಿ ತೂಗಾಡುತ್ತದೆ, ಕೌಂಟರಿನಲ್ಲಿ ಪಿಯುಸಿ ಮುಗಿಸಿದ ಹುಡುಗ ನಿಂತಿರುತ್ತಾನೆ. ಅವನಿಗೆ ಕೆಡುಕು ಮಾಡುವ ಉದ್ದೇಶವಿಲ್ಲ. ‘ತುರಿಕೆಗೆ ಏನಾದ್ರೂ ಕೊಡಪ್ಪ’ ಎಂದವರಿಗೆ ಬೇಗ ಹಿಡಿಸುವುದನ್ನು ಕೊಡುತ್ತಾನೆ, ಗಿರಾಕಿ ಸಂತೋಷದಿಂದ ಮರಳಿ ಬರುತ್ತಾನೆ. ತಪ್ಪು ಔಷಧವೇ ಮೊದಲ ದಿನ ಅತ್ಯಂತ ಒಳ್ಳೆಯ ಔಷಧದಂತೆ ತೋರುವ ಕಾಯಿಲೆಯಲ್ಲಿ ಗಿರಾಕಿಯ ತಿಳಿವಳಿಕೆಯ ಮೇಲಾಗಲಿ, ಮಾರುವವನ ಒಳ್ಳೆಯತನದ ಮೇಲಾಗಲಿ ಭಾರ ಹಾಕಿ ಕುಳಿತುಕೊಳ್ಳುವಂತಿಲ್ಲ.

ನಮ್ಮ ವೃತ್ತಿಯವರ ಪಾಲನ್ನು ಮುಚ್ಚಿಡುವುದು ನ್ಯಾಯವಲ್ಲ. ಪರೀಕ್ಷಿಸಲು ಪುರಸೊತ್ತಿಲ್ಲದೆ ‘ಎಲ್ಲದಕ್ಕೂ ಇರಲಿ’ ಎಂದು ಈ ಮಿಶ್ರಣಗಳನ್ನು ಬರೆಯುವ ಪದವೀಧರ ವೈದ್ಯರಿದ್ದಾರೆ. ಹುಳುಕಡ್ಡಿಗೆ ಸ್ಟೀರಾಯ್ಡ್ ಚುಚ್ಚುಮದ್ದನ್ನೇ ಕೊಟ್ಟು ಕಳಿಸುವವರು, ಅರ್ಹತೆಯಿಲ್ಲದ ‘ಆರ್‌ಎಂಪಿ’ಗಳು ಹಳ್ಳಿಗಳಲ್ಲಿದ್ದಾರೆ. ಇನ್ನು ಜನರನ್ನು ದೂರುವ ಹಕ್ಕು ನಮಗಿಲ್ಲ. ಚರ್ಮವೈದ್ಯರು ಇರುವ ಊರಿಗೆ ಬರಬೇಕೆಂದರೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಬೇರೆ, ಗುಪ್ತಾಂಗದ ತುರಿಕೆಯನ್ನು ಗಂಡು ವೈದ್ಯನಿಗೆ ತೋರಿಸಲು ಹೆಣ್ಣುಮಕ್ಕಳು ವರ್ಷಗಟ್ಟಲೆ ಹಿಂಜರಿಯುತ್ತಾರೆ. ಮನೆಯ ಪಕ್ಕದ ಅಂಗಡಿಯಲ್ಲಿ ಒಂದು ಟ್ಯೂಬು ಸಿಗುವಾಗ ಅವರು ಮತ್ತೇನು ಮಾಡಬೇಕಿತ್ತು?

ಆದುದರಿಂದ ಔಷಧ ನಿಯಂತ್ರಕರಲ್ಲಿ ನನ್ನ ಮೊದಲ ವಿನಂತಿ. ಸಗಟು ವ್ಯಾಪಾರಿಗಳ ಬಿಲ್ಲುಗಳನ್ನು ತರಿಸಿಕೊಂಡು, ಯಾವ ಅಂಗಡಿ ತಿಂಗಳಿಗೆ ಎಷ್ಟು ಸ್ಟೀರಾಯ್ಡ್ ಮುಲಾಮು ತರಿಸುತ್ತದೆ, ಅದಕ್ಕೆ ಪ್ರತಿಯಾಗಿ ಎಷ್ಟು ಚೀಟಿಗಳ ದಾಖಲೆ ಇಟ್ಟಿದೆ ಎಂಬುದನ್ನು ತಾಳೆ ನೋಡಿ. ಲೆಕ್ಕದಲ್ಲಿ ದೊಡ್ಡ ಅಂತರ ಕಂಡ ಕಡೆ ನಿಮ್ಮ ಪರಿವೀಕ್ಷಕರು ಸಾಮಾನ್ಯ ಗಿರಾಕಿಯಂತೆ ಹೋಗಿ ಟ್ಯೂಬು ಕೇಳಲಿ. ಮೊದಲ ಸಲ ಎಚ್ಚರಿಕೆ ಕೊಡಿ, ಮತ್ತೆ ಅದೇ ನಡೆದರೆ 66ನೇ ನಿಯಮದಂತೆ ಪರವಾನಗಿ ಅಮಾನತು ಮಾಡಿ. ಒಂದೆರಡು ತಾಲ್ಲೂಕುಗಳಲ್ಲಿ ಇದು ನಿಜವಾಗಿ ನಡೆದರೆ ಸುದ್ದಿ ಉಳಿದ ಕಡೆ ತಾನೇ ತಲುಪುತ್ತದೆ. ಪ್ರತಿ ಮೆಡಿಕಲ್ ಶಾಪ್‌ನ ಕೌಂಟರಿನಲ್ಲಿ ‘ಹುಳುಕಡ್ಡಿಗೆ, ತೊಡೆಸಂದಿನ ತುರಿಕೆಗೆ ಸ್ಟೀರಾಯ್ಡ್ ಮುಲಾಮು ಹಚ್ಚಬೇಡಿ, ವೈದ್ಯರ ಚೀಟಿಯಿಲ್ಲದೆ ಇದನ್ನು ಇಲ್ಲಿ ಮಾರುವುದಿಲ್ಲ’ ಎಂಬ ಫಲಕ ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ ಇರುವಂತೆ ಸೂಚಿಸಿ. ಆನ್‌ಲೈನ್ ಔಷಧ ಮಾರಾಟಕ್ಕೂ ಇದೇ ನಿಗಾ ಬೇಕು.

ಸಚಿವರಲ್ಲಿ ಎರಡು ವಿನಂತಿಗಳಿವೆ. ತೀವ್ರ ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್1ಕ್ಕೆ ಸೇರಿಸುವಂತೆ ಕೇಂದ್ರಕ್ಕೆ ರಾಜ್ಯದ ಪರವಾಗಿ ಶಿಫಾರಸು ಮಾಡಿ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಆ ಪಟ್ಟಿಯ ಔಷಧಗಳಿಗೆ ಅಂಗಡಿಯವರು ವೈದ್ಯರ ಹೆಸರು, ರೋಗಿಯ ಹೆಸರು, ಮಾರಿದ ಪ್ರಮಾಣ ಬರೆದ ಪ್ರತ್ಯೇಕ ರಿಜಿಸ್ಟರನ್ನು ಮೂರು ವರ್ಷ ಕಾಯ್ದಿಡಬೇಕಾಗುತ್ತದೆ. ಆಗ ಚೀಟಿಯಿಲ್ಲದ ಮಾರಾಟಕ್ಕೆ ತಾನಾಗಿ ಕಡಿವಾಣ ಬೀಳುತ್ತದೆ.

ಎರಡನೆಯದು ನನಗೆ ಇನ್ನೂ ಮುಖ್ಯ. ತಪ್ಪು ಔಷಧದ ಬಾಗಿಲು ಮುಚ್ಚಿದರೆ ಸರಿಯಾದ ಔಷಧದ ಬಾಗಿಲು ಊರಿನಲ್ಲೇ ತೆರೆದಿರಬೇಕು, ಇಲ್ಲದಿದ್ದರೆ ಜನ ಇನ್ನೊಂದು ಕಳ್ಳದಾರಿ ಹುಡುಕುತ್ತಾರೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಲೇರಿಯಾಕ್ಕೆ ರಕ್ತ, ಕ್ಷಯಕ್ಕೆ ಕಫ ನೋಡಲು ಸೂಕ್ಷ್ಮದರ್ಶಕಗಳಿವೆ, ನೋಡಬಲ್ಲ ತಂತ್ರಜ್ಞರಿದ್ದಾರೆ. ಮೇಲೆ ಹೇಳಿದ ಕೆರೆತದ ಪರೀಕ್ಷೆಗೆ ಇನ್ನು ಬೇಕಾದದ್ದು ಒಂದು ಬ್ಲೇಡು, ಅಗ್ಗದ ಒಂದು ದ್ರಾವಣ, ಚಿಕ್ಕದೊಂದು ತರಬೇತಿ. ಕಲೆ ಕಂಡ ದಿನವೇ ಫಂಗಸ್ ಇದೆಯೋ ಇಲ್ಲವೋ ಅಲ್ಲಿಯೇ ಬಹುಪಾಲು ತಿಳಿಯುತ್ತದೆ. ಜೊತೆಗೆ ಸ್ಟೀರಾಯ್ಡ್ ಇಲ್ಲದ ಫಂಗಸ್ ಮುಲಾಮು ಮತ್ತು ಮಾತ್ರೆಗಳು, ಒಬ್ಬ ರೋಗಿಗೆ ಒಂದು ವಾರಕ್ಕಲ್ಲ, ಮನೆಮಂದಿಗೆಲ್ಲ ಪೂರ್ತಿ ಅವಧಿಗೆ ಸಾಲುವಷ್ಟು ಅಲ್ಲಿ ದಾಸ್ತಾನಿರಬೇಕು. ಸರ್ಕಾರಿ ಆಸ್ಪತ್ರೆಗಳ ಚೀಟಿಯಲ್ಲಿ ಸ್ಟೀರಾಯ್ಡ್ ಬೆರೆತ ಮಿಶ್ರಣ ಬರೆಯುವುದನ್ನು ಸುತ್ತೋಲೆಯ ಮೂಲಕ ನಿಲ್ಲಿಸಿ. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿಗೆ ಆ ಟ್ಯೂಬುಗಳನ್ನು ಗುರುತಿಸಲು ಕಲಿಸಿ. ಹೆಣ್ಣುಮಕ್ಕಳು ನನ್ನ ಮುಂದೆ ಹೇಳದ ತುರಿಕೆಯನ್ನು ಅವರ ಮುಂದೆ ಹೇಳುತ್ತಾರೆ.

ಈ ಪತ್ರ ಓದುತ್ತಿರುವ ಜನರಿಗೂ ಒಂದೆರಡು ಮಾತು. ಹಚ್ಚಿದರೆ ಹೋಗಿ, ಬಿಟ್ಟರೆ ಬರುವ ತುರಿಕೆ ನಿಮಗಿದ್ದರೆ ಬಳಸುತ್ತಿರುವ ಟ್ಯೂಬನ್ನು ಎಸೆಯದೆ ವೈದ್ಯರ ಹತ್ತಿರ ತೆಗೆದುಕೊಂಡು ಹೋಗಿ, ಎಷ್ಟು ಕಾಲದಿಂದ ಹಚ್ಚುತ್ತಿದ್ದೀರಿ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿ. ಸ್ಟೀರಾಯ್ಡ್ ನಿಲ್ಲಿಸಿದ ಮೇಲೆ ಕೆಲವು ದಿನ ಕೆಂಪು, ಉರಿ ಹೆಚ್ಚಾಗಬಹುದು. ಅದಕ್ಕೆ ಹೆದರಿ ಮತ್ತೆ ಅದೇ ಟ್ಯೂಬಿಗೆ ಮರಳಬೇಡಿ, ವೈದ್ಯರಿಗೆ ತಿಳಿಸಿ. ಕಲೆ ಕಾಣದಂತಾದ ಮೇಲೂ ಹೇಳಿದಷ್ಟು ದಿನ ಮಾತ್ರೆ ಮುಗಿಸಿ. ಮನೆಯಲ್ಲಿ ತುರಿಕೆ ಇರುವವರೆಲ್ಲ ಒಂದೇ ಸಲ ಚಿಕಿತ್ಸೆ ಪಡೆಯಿರಿ, ಟವೆಲ್ಲು, ಒಳಉಡುಪು, ಹಾಸಿಗೆ ಬೇರೆಬೇರೆ ಇಡಿ, ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿನಲ್ಲಿ ಒಳಮಗ್ಗುಲು ಹೊರಗೆ ಮಾಡಿ ಒಣಗಿಸಿ.

ಮಾನ್ಯರೇ, ಪರೀಕ್ಷೆಯ ತರಬೇತಿಯನ್ನು ನಮ್ಮ ತಾಲ್ಲೂಕಿನಿಂದಲೇ ಆರಂಭಿಸುವುದಾದರೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ತಂತ್ರಜ್ಞರಿಗೆ ಸಂಭಾವನೆಯಿಲ್ಲದೆ ಕಲಿಸಲು ನಾನು ಸಿದ್ಧನಿದ್ದೇನೆ. ಅಂಗಡಿಗಳ ತಪಾಸಣೆ ಯಾವ ತಿಂಗಳಿನಿಂದ ಶುರುವಾಗುತ್ತದೆ ಎಂಬುದನ್ನು ದಯವಿಟ್ಟು ಸಾರ್ವಜನಿಕವಾಗಿ ತಿಳಿಸಿ, ಜಿಲ್ಲಾವಾರು ಫಲಿತಾಂಶವನ್ನು ಇಲಾಖೆಯ ಜಾಲತಾಣದಲ್ಲಿ ಪ್ರಕಟಿಸಿ.

ಇತಿ ತಮ್ಮ ವಿಶ್ವಾಸಿ,
ತಾಲ್ಲೂಕು ಕೇಂದ್ರದ ಒಬ್ಬ ಚರ್ಮರೋಗ ವೈದ್ಯ